ಹಳೇ ಸ್ಕ್ರಾಲ್ ಸಾ ತೊಂದರೆ ಕೊಡುತ್ತಿದೆಯಾ? ಬ್ಲೇಡಿನಿಂದ ಶುರು ಮಾಡಿ, ಮೋಟಾರಿಗೆ ಕೊನೆಗೆ ಹೋಗಿ

ಸ್ಕ್ರಾಲ್ ಸಾ ಅಂದರೆ ಸಪೂರ ಬ್ಲೇಡನ್ನು ಮೇಲೆ ಕೆಳಗೆ ಆಡಿಸಿ ಮರದಲ್ಲಿ ತಿರುವು, ಚಿತ್ತಾರ ಕತ್ತರಿಸುವ ಕರೆಂಟಿನ ಗರಗಸ. ನನ್ನದು ಸೆಕೆಂಡ್ ಹ್ಯಾಂಡು. 16 ಇಂಚಿನದು, ಅಂದರೆ ಬ್ಲೇಡಿನಿಂದ ಹಿಂದಿನ ಕಂಬದವರೆಗೆ 16 ಇಂಚು ಜಾಗ ಇದೆ. ಮನೆಗೆ ತಂದ ಮೊದಲ ಸಂಜೆಯೇ ಏಳು ಬ್ಲೇಡು ಮುರಿದವು. ಮೋಟಾರು ಹೋಗಿದೆ, ಕೊಟ್ಟ ದುಡ್ಡು ನೀರಲ್ಲಿ ಹೋಮ ಅಂದುಕೊಂಡು ಎರಡು ವಾರ ಅದನ್ನು ಮುಟ್ಟಲೇ ಇಲ್ಲ. ಆಮೇಲೆ ಬಿಚ್ಚಿ ನೋಡಿದರೆ ಮೋಟಾರಿಗೆ ಏನೂ ಆಗಿರಲಿಲ್ಲ. ಕೆಳಗಿನ ಕ್ಲ್ಯಾಂಪಿನಲ್ಲಿ ಬ್ಲೇಡು ಒತ್ತಿ ಹಿಡಿಯುವ ಒಂದು ಸಣ್ಣ ಸ್ಕ್ರೂ ಸವೆದಿತ್ತು, ಅಷ್ಟೇ. ಹತ್ತು ರೂಪಾಯಿಯ ಸ್ಕ್ರೂ.

ಅದಾದ ಮೇಲೆ ಗೆಳೆಯರ ಮೂರು ನಾಲ್ಕು ಹಳೇ ಮಷೀನು ಬಿಚ್ಚಿ ನೋಡಿದ್ದೇನೆ. ಹೆಚ್ಚಿನ ಸಲ ತೊಂದರೆ ಇದ್ದದ್ದು ಬ್ಲೇಡಿನಲ್ಲಿ, ಇಲ್ಲಾ ಬ್ಲೇಡು ಹಿಡಿಯುವ ಎರಡು ಕ್ಲ್ಯಾಂಪಿನಲ್ಲಿ, ಇಲ್ಲಾ ಮಷೀನು ಕೂತಿರುವ ಬೆಂಚಿನಲ್ಲಿ. ಮೋಟಾರಿನ ಸರದಿ ಬರುವುದು ಕೊನೆಗೆ. ಆದರೆ ಹೊಸಬರು ಮೊದಲು ಕೈ ಹಾಕುವುದೇ ಮೋಟಾರಿಗೆ, ಇಲ್ಲಾ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ. ಸರಿ ಇದ್ದದ್ದು ಅಲ್ಲೇ ಕೆಡುವುದು. ಅದಕ್ಕೇ ಇಲ್ಲಿ ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಪ್ಯಾನರ್ ಹಿಡಿಯುವುದು ಆಮೇಲೆ, ಕರೆಂಟು ಅಳೆಯುವ ಮಲ್ಟಿಮೀಟರ್ ಎಲ್ಲಕ್ಕಿಂತ ಕೊನೆಗೆ.

ಒಂದು ಮಾತು ನೆನಪಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬ್ಲೇಡು ಬದಲಿಸಿ, ಟೆನ್ಷನ್ (ಬ್ಲೇಡನ್ನು ಎಳೆದು ಹಿಡಿದಿರುವ ಬಿಗಿ) ಜಾಸ್ತಿ ಮಾಡಿ, ವೇಗ ಕಡಿಮೆ ಮಾಡಿ, ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಲ ಅದೇ ತೊಂದರೆ ಬಂದಾಗ ಮತ್ತೆ ಮೊದಲಿಂದ ಹುಡುಕಬೇಕು.

## ಪ್ಲಗ್ ಹಾಕುವ ಮುಂಚೆ

ಮೊದಲು ಮೋಟಾರಿನ ಮೇಲೆ ಅಂಟಿಸಿರುವ ಪ್ಲೇಟ್ ಓದಿ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಸ್. ಅಮೆರಿಕದಿಂದ ವಾಪಸ್ ಬಂದವರು ಮನೆ ಸಾಮಾನಿನ ಜೊತೆ ಇಂಥ ಮಷೀನು ತಂದಿರುತ್ತಾರೆ, ಆಮೇಲೆ ಜಾಗ ಸಾಲದೆ ಮಾರುತ್ತಾರೆ. ಒಳ್ಳೇ ಮಷೀನೇ ಇರುತ್ತವೆ, ಆದರೆ ಅವು 120 ವೋಲ್ಟ್, 60 ಹರ್ಟ್ಸ್‌ನವು. ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ ನೇರವಾಗಿ ಹಾಕಿದರೆ ಮೋಟಾರು ಇಲ್ಲಾ ಬೋರ್ಡು ಸುಟ್ಟು ಹೋಗುತ್ತದೆ. ಅಡಾಪ್ಟರ್ ಪಿನ್ನಿನ ಆಕಾರ ಮಾತ್ರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಮಷೀನು ಎಳೆಯುವುದಕ್ಕಿಂತ ಎರಡು ಪಟ್ಟಾದರೂ ದೊಡ್ಡದಿರಲಿ. ಇನ್ನೊಂದು ವಿಷಯ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಹಾಗೇ ಉಳಿಯುತ್ತದೆ. ಹಾಗಾಗಿ ಇಂಡಕ್ಷನ್ ಮೋಟಾರಿನ (ಕಾರ್ಬನ್ ಬ್ರಷ್ ಇಲ್ಲದ ಥರದ್ದು) ಅಮೆರಿಕದ ಮಷೀನು ಇಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೇ ನಿಲ್ಲುತ್ತದೆ, ಬಿಸಿಯೂ ಸ್ವಲ್ಪ ಜಾಸ್ತಿ. ಅದು ರೋಗ ಅಲ್ಲ.

ಆಮೇಲೆ ವೈರು ನೋಡಿ. ಉದ್ದಕ್ಕೂ ಕೈಯಾಡಿಸಿ. ಎಲ್ಲಾದರೂ ಸೀಳಿದ್ದರೆ, ಇಲಿ ಕಡಿದಿದ್ದರೆ, ಇನ್ಸುಲೇಷನ್ ಟೇಪು ಸುತ್ತಿದ್ದರೆ ಇಡೀ ವೈರು ಬದಲಿಸಿ. ಮೈಯೆಲ್ಲ ಕಬ್ಬಿಣ ಇರುವ ಮಷೀನಿಗೆ ಮೂರು ಪಿನ್ನಿನ ಪ್ಲಗ್ ಇರಬೇಕು. ಹಿಂದಿನವರು ಅರ್ಥಿಂಗ್ ವೈರು ಕತ್ತರಿಸಿ ಎರಡು ಪಿನ್ ಹಾಕಿದ್ದರೆ ಅದನ್ನು ಸರಿ ಮಾಡಿಸದೆ ಒಂದು ಕ್ಷಣವೂ ಓಡಿಸಬೇಡಿ.

ಇನ್ನು ತೋಳನ್ನು, ಅಂದರೆ ಬ್ಲೇಡಿನ ತುದಿ ಹಿಡಿದು ಆಡುವ ಉದ್ದನೆಯ ಭಾಗವನ್ನು, ಕೈಯಲ್ಲಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಸಲೀಸಾಗಿ ಆಡಬೇಕು. ಎಲ್ಲೋ ಒಂದು ಕಡೆ ಸಿಕ್ಕಿಕೊಂಡರೆ ಕರೆಂಟು ಕೊಡಬೇಡಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಮಷೀನಿನಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅದಕ್ಕೆ ಮರದ ಪುಡಿ ಸೇರಿ ಗಟ್ಟಿ ಕೂತಿರುತ್ತದೆ.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ಹಾಕಿ. ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಮತ್ತು ಬೀಟೆ ಮರದ ಪುಡಿ ಬಹಳ ಕೆಟ್ಟದು, ಬೀಟೆ ಪುಡಿಗೆ ಕೆಲವರಿಗೆ ಮೈ ಮೇಲೆ ದದ್ದು ಏಳುತ್ತದೆ. ದುಪಟ್ಟಾ, ಸಡಿಲ ತೋಳಿನ ಅಂಗಿ, ಬಳೆ ಬೇಡ. ಕೂದಲು ಕಟ್ಟಿ. ಕೈಗವಸು ಹಾಕಬೇಡಿ, ಬಟ್ಟೆಯನ್ನು ಬ್ಲೇಡು ಎಳೆದುಕೊಳ್ಳುತ್ತದೆ. ಕೆಳಗೆ ಹೇಳುವ ಪರೀಕ್ಷೆಗಳಲ್ಲಿ ಓಡಿಸಲು, ಕತ್ತರಿಸಲು ಹೇಳದೇ ಇದ್ದರೆ ಪ್ಲಗ್ ಕಿತ್ತೇ ಮಾಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

## ಬ್ಲೇಡು ಪದೇ ಪದೇ ಮುರಿಯುತ್ತಿದೆ

ಅತಿ ಹೆಚ್ಚು ಜನ ಕೈಚೆಲ್ಲುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮುರಿದ ತುಂಡು ಎಸೆಯಬೇಡಿ. ಒಂದು ಡಬ್ಬಿಯಲ್ಲಿ ಹಾಕಿಡಿ. ಐದಾರು ಮುರಿದ ಮೇಲೆ ಸಾಲಾಗಿ ಜೋಡಿಸಿ ನೋಡಿ. ಎಲ್ಲಿ ಮುರಿದಿದೆ ಅನ್ನುವುದೇ ಅರ್ಧ ಉತ್ತರ.

ಮಧ್ಯದಲ್ಲಿ ಮುರಿದಿದ್ದರೆ ಹೆಚ್ಚಾಗಿ ತಪ್ಪು ಮಷೀನಿನದಲ್ಲ, ಕೈಯದು. ಮರವನ್ನು ಜೋರಾಗಿ ತಳ್ಳುತ್ತಿದ್ದೀರಿ, ಇಲ್ಲಾ ತಿರುವಿನಲ್ಲಿ ಬ್ಲೇಡಿಗೆ ಪಕ್ಕದಿಂದ ಒತ್ತಡ ಬೀಳುತ್ತಿದೆ, ಇಲ್ಲಾ ಬ್ಲೇಡಿನ ಹಲ್ಲು ಸವೆದಿದೆ. ಸ್ಕ್ರಾಲ್ ಸಾ ಬ್ಲೇಡಿಗೆ ಆಯಸ್ಸು ಬಹಳ ಕಡಿಮೆ. ಗಟ್ಟಿ ಮರದಲ್ಲಿ, ಪ್ಲೈವುಡ್ಡಿನಲ್ಲಿ ಅರ್ಧ ಗಂಟೆ ಕತ್ತರಿಸಿದರೆ ಅದರ ಕೆಲಸ ಮುಗಿದ ಹಾಗೇ ಲೆಕ್ಕ. ಪ್ಲೈವುಡ್ಡಿನ ಅಂಟು ಹಲ್ಲನ್ನು ಬೇಗ ತಿನ್ನುತ್ತದೆ. "ಇನ್ನೂ ಮುರಿದಿಲ್ಲ, ನಡೀಲಿ" ಅಂತ ಅದನ್ನೇ ಓಡಿಸಿದಾಗ ನಮಗೆ ಗೊತ್ತಿಲ್ಲದೆ ನಾವೇ ಜಾಸ್ತಿ ತಳ್ಳಲು ಶುರು ಮಾಡುತ್ತೇವೆ, ಅದು ಬಾಗುತ್ತದೆ, ಬಿಸಿಯಾಗುತ್ತದೆ, ಟಪ್ ಅನ್ನುತ್ತದೆ. ಮಷೀನಿನ ಜೊತೆ ಹಳೇ ಬ್ಲೇಡುಗಳ ಪೊಟ್ಟಣ ಉಚಿತವಾಗಿ ಸಿಕ್ಕಿದ್ದರೆ ಅದನ್ನು ಪಕ್ಕಕ್ಕಿಟ್ಟು ಒಂದು ಡಜನ್ ಹೊಸದು ತನ್ನಿ. ಹಳೇ ಬ್ಲೇಡು ಹಾಕಿಕೊಂಡು ಮಷೀನಿನ ರೋಗ ಹುಡುಕುವುದು ವ್ಯರ್ಥ.

ಕಲಿಯುವವರಿಗೆ 5ನೇ ನಂಬರ್ ಬ್ಲೇಡು ಚೆನ್ನ, 12ರಿಂದ 18 ಮಿಲಿಮೀಟರ್ ದಪ್ಪದ ಮರಕ್ಕೆ ಸಾಕು. 1, 2 ನಂಬರಿನವು ಇನ್ನೂ ಸಪೂರ, ಕೈ ಪಳಗದೆ ಅವು ಉಳಿಯುವುದಿಲ್ಲ.

ತುದಿಯಲ್ಲಿ, ಕ್ಲ್ಯಾಂಪಿನ ಬಾಯಿಯ ಹತ್ತಿರವೇ ಮುರಿದಿದ್ದರೆ ಕ್ಲ್ಯಾಂಪು ನೋಡಬೇಕು. ನನ್ನ ಏಳೂ ಬ್ಲೇಡು ಕೆಳಗಿನ ತುದಿಯಲ್ಲೇ ಮುರಿದಿದ್ದವು. ಎರಡು ಕಡೆಯಿಂದ ಒತ್ತುವ ಸ್ಕ್ರೂಗಳಲ್ಲಿ ಒಂದರ ಮೂತಿ ಸವೆದು ಗುಂಡಗಾಗಿತ್ತು. ಹಾಗಾಗಿ ಬಿಗಿ ಮಾಡಿದಾಗಲೆಲ್ಲ ಬ್ಲೇಡು ಸ್ವಲ್ಪ ತಿರುಚಿಕೊಂಡು ಕೂರುತ್ತಿತ್ತು. ಓಡುವಾಗ ಪ್ರತಿ ಸಲ ಅದೇ ಜಾಗದಲ್ಲಿ ಬಾಗಿ ಬಾಗಿ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ವಾ, ಹಾಗೇ ಮುರಿಯುತ್ತಿತ್ತು. ಪರೀಕ್ಷೆ ಸುಲಭ. ಬ್ಲೇಡನ್ನು ಕೆಳಗಿನ ಕ್ಲ್ಯಾಂಪಿಗೆ ಮಾತ್ರ ಸಿಕ್ಕಿಸಿ ಬಿಗಿ ಮಾಡಿ, ಮೇಲಿನ ತುದಿ ಬಿಟ್ಟಿರಿ. ಅದು ತಾನಾಗಿಯೇ ಮೇಲಿನ ಕ್ಲ್ಯಾಂಪಿನ ಸೀಳಿನ ಮಧ್ಯಕ್ಕೆ ಬಂದು ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ, ಇಲ್ಲಾ ಹಲ್ಲು ನೇರ ಮುಂದಕ್ಕೆ ನೋಡದೆ ಓರೆಯಾಗಿದ್ದರೆ ಸ್ಕ್ರೂ ಬಿಚ್ಚಿ ಮೂತಿ ನೋಡಿ. ಚಪ್ಪಟೆ ಇರಬೇಕು. ಇಲ್ಲದಿದ್ದರೆ ಅದೇ ಅಳತೆಯ ಹೊಸ ಸ್ಕ್ರೂ ಹಾಕಿ.

ಟೆನ್ಷನ್ ಎಷ್ಟಿರಬೇಕು ಅನ್ನುವುದು ಹೊಸಬರ ದೊಡ್ಡ ಪ್ರಶ್ನೆ. ಸಡಿಲ ಇದ್ದರೂ ಮುರಿಯುತ್ತದೆ, ಅತಿ ಬಿಗಿಯಾದರೂ ಮುರಿಯುತ್ತದೆ. ನನಗೆ ಇದು ಅರ್ಥವಾದದ್ದು ಮೈಸೂರಿನಲ್ಲಿ ಬೀಟೆ ಮರದ ಕುಸುರಿ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಕೂತಾಗ. ಅವರ ಬಳಿ ಮಷೀನಿಲ್ಲ, ಬಿಲ್ಲಿನಂಥ ಚೌಕಟ್ಟಿನ ಕೈ ಗರಗಸ. ಚೌಕಟ್ಟನ್ನು ಎದೆಗೆ ಒತ್ತಿ ಬಗ್ಗಿಸಿ ಬ್ಲೇಡು ಸಿಕ್ಕಿಸಿದರು, ಕೈ ಬಿಟ್ಟರು, ಉಗುರಿನಿಂದ ಒಂದು ಸಲ ಮೀಟಿದರು. "ನೋಡಪ್ಪಾ, ಇದು ಮಾತಾಡಬೇಕು. ಸುಮ್ನೆ ಬಡ್ ಅಂದ್ರೆ ಸಡಿಲ ಅಂತ ಅರ್ಥ" ಅಂದರು. ಸ್ಕ್ರಾಲ್ ಸಾಗೂ ಅದೇ ಮಾತು. ಪ್ಲಗ್ ಕಿತ್ತು ಬ್ಲೇಡಿನ ಹಿಂಬದಿಯನ್ನು, ಅಂದರೆ ಹಲ್ಲಿಲ್ಲದ ಕಡೆಯನ್ನು ಮೀಟಿ. ತಂಬೂರಿ ತಂತಿಯ ಹಾಗೆ ಸ್ಪಷ್ಟವಾದ ಸ್ವರ ಬರಬೇಕು. ಕಿವಿ ಮೇಲೆ ನಂಬಿಕೆ ಇಲ್ಲದಿದ್ದರೆ ಬೆರಳಿನಿಂದ ಪಕ್ಕಕ್ಕೆ ಒತ್ತಿ, 3 ಮಿಲಿಮೀಟರಿಗಿಂತ ಜಾಸ್ತಿ ಸರಿಯಬಾರದು.

ಓಡುವಾಗ ಬ್ಲೇಡು ಮುರಿದರೆ ಮೊದಲು ಸ್ವಿಚ್ ಆಫ್. ಮರ ಎತ್ತಲು, ತುಂಡು ಹುಡುಕಲು ಕೈ ಹಾಕಬೇಡಿ. ಮೇಲಿನ ತುಂಡು ಇನ್ನೂ ಸೂಜಿಯ ಹಾಗೆ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ.

## ಬ್ಲೇಡು ಮುರಿಯುವುದಿಲ್ಲ, ಆದರೆ ಕ್ಲ್ಯಾಂಪಿನಿಂದ ಜಾರಿ ಬರುತ್ತದೆ

ಹೊಸ ಬ್ಲೇಡಿನ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಜಾರುವುದಕ್ಕೆ ಮೊದಲ ಕಾರಣ ಅದೇ. ಬ್ಲೇಡಿನ ಎರಡೂ ತುದಿಯನ್ನು ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಕ್ಲ್ಯಾಂಪಿನ ಒಳಗನ್ನೂ ಹಾಗೇ ಒರೆಸಿ. ಆಮೇಲೂ ಜಾರಿದರೆ ಬ್ಲೇಡಿನ ತುದಿಯನ್ನು ಅರ್ಧ ಇಂಚಿನಷ್ಟು ಉಪ್ಪು ಕಾಗದದಿಂದ ಮೆಲ್ಲಗೆ ಉಜ್ಜಿ. ಇಷ್ಟಕ್ಕೇ ಹೆಚ್ಚಿನವು ಹಿಡಿದುಕೊಳ್ಳುತ್ತವೆ.

ಹಿಡಿಯಲಿಲ್ಲ ಅಂತ ಇಕ್ಕಳ ಹಾಕಿ ಸ್ಕ್ರೂ ಬಿಗಿಯಬೇಡಿ. ಕ್ಲ್ಯಾಂಪು ಹೆಚ್ಚಾಗಿ ಅಲ್ಯೂಮಿನಿಯಂ, ಒಂದೇ ತಿರುವಿಗೆ ಮರೆ (ಸ್ಕ್ರೂ ಕೂರುವ ಥ್ರೆಡ್) ಹೋಗುತ್ತದೆ. ಹಿಂದಿನ ಮಾಲೀಕರು ಹಾಗೆ ಮಾಡಿ ಮರೆ ಹೋಗಿದ್ದರೆ ಆ ಕ್ಲ್ಯಾಂಪನ್ನೇ ಬದಲಿಸಬೇಕು.

ಇಲ್ಲೇ ಇನ್ನೊಂದು ಗೊಂದಲ ಇದೆ. ಸ್ಕ್ರಾಲ್ ಸಾ ಬ್ಲೇಡು ಎರಡು ಥರ. ಒಂದರಲ್ಲಿ ತುದಿಗೆ ಅಡ್ಡ ಪಿನ್ ಇರುತ್ತದೆ, ಇನ್ನೊಂದು ಬರೀ ಚಪ್ಪಟೆ. ಎರಡೂ ಸುಮಾರು 5 ಇಂಚು. ನಿಮ್ಮ ಮಷೀನು ಪಿನ್ ಬ್ಲೇಡಿನದಾಗಿದ್ದು ನೀವು ಚಪ್ಪಟೆ ಬ್ಲೇಡು ತಂದಿದ್ದರೆ ಅದು ನಿಲ್ಲುವುದೇ ಇಲ್ಲ. ಚಪ್ಪಟೆ ಬ್ಲೇಡು ಹಿಡಿಯಲು ಬೇರೆ ಅಡಾಪ್ಟರ್ ಸಿಗುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ ಕಳೆದುಹೋಗಿರುವುದೂ ಅದೇ, ಹಾಗಾಗಿ ಕೊಳ್ಳುವಾಗಲೇ ಕೇಳಿ.

## ಮರ ಎಗರುತ್ತದೆ, ಟೇಬಲ್ಲಿಗೆ ಟಪಟಪ ಬಡಿಯುತ್ತದೆ

ಹತ್ತರಲ್ಲಿ ಎಂಟು ಸಲ ಬ್ಲೇಡು ತಲೆಕೆಳಗಾಗಿ ಕೂತಿರುತ್ತದೆ. ಹಲ್ಲು ಕೆಳಗೆ ನೋಡಬೇಕು. ಕಣ್ಣಿಗೆ ಕಾಣುವುದು ಕಷ್ಟ. ಹಳೇ ಬಟ್ಟೆಯ ಚೂರನ್ನು ಹಲ್ಲಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಮೇಲಕ್ಕೆ ಎಳೆಯುವಾಗ ಸಿಕ್ಕಿಕೊಂಡು, ಕೆಳಕ್ಕೆ ಎಳೆಯುವಾಗ ಜಾರಿದರೆ ಸರಿ ಇದೆ.

ಕೆಲವು ಬ್ಲೇಡಿನಲ್ಲಿ ಕೆಳಗಿನ ನಾಲ್ಕಾರು ಹಲ್ಲು ಮಾತ್ರ ಮೇಲಕ್ಕೆ ನೋಡುತ್ತವೆ. ಮರದ ಅಡಿಭಾಗ ಸೀಳದಿರಲಿ ಅಂತ ಹಾಗೆ ಮಾಡಿರುತ್ತಾರೆ. ತೋಳು ಪೂರ್ತಿ ಮೇಲಿದ್ದಾಗ ಅಂಥ ಎರಡು ಮೂರು ಹಲ್ಲು ಮಾತ್ರ ಟೇಬಲ್ಲಿನ ಮೇಲೆ ಕಾಣಬೇಕು. ಅದಕ್ಕಿಂತ ಜಾಸ್ತಿ ಕಂಡರೆ ಮರ ಎತ್ತಿ ಹಾಕುತ್ತದೆ, ಬ್ಲೇಡನ್ನು ಸ್ವಲ್ಪ ಕೆಳಗಿಳಿಸಿ ಕಟ್ಟಿ.

ಬ್ಲೇಡು ಸರಿ ಇದ್ದರೂ ಎಗರಿದರೆ ಮರವೇ ಡೊಂಕಿರಬಹುದು. ಟೇಬಲ್ಲಿನ ಮೇಲೆ ಇಟ್ಟು ಮೂಲೆ ಒತ್ತಿ, ಅಲ್ಲಾಡುತ್ತದಾ ನೋಡಿ. ಹೊಲಿಗೆ ಮಷೀನಿನಲ್ಲಿ ಬಟ್ಟೆ ಒತ್ತುವ ಕಾಲು ಇರುತ್ತದಲ್ವಾ, ಅಂಥದ್ದೇ ಇಲ್ಲೂ ಇರುತ್ತದೆ. ಕಲಿಯುವವರೆಗೆ ಅದನ್ನು ಮರಕ್ಕೆ ತಾಗುವಷ್ಟು ಇಳಿಸಿಯೇ ಕೆಲಸ ಮಾಡಿ. ಅದಿಲ್ಲದ ಮಷೀನಾದರೆ ಚಿಕ್ಕ ತುಂಡುಗಳನ್ನು ಬೇರೆ ಹಲಗೆಗೆ ಡಬಲ್ ಸೈಡ್ ಟೇಪಿನಿಂದ ಅಂಟಿಸಿ ಕತ್ತರಿಸಿ, ಬೆರಳು ಬ್ಲೇಡಿನ ಹತ್ತಿರ ಹೋಗುವುದು ತಪ್ಪುತ್ತದೆ.

## ಗೆರೆ ಮೇಲೆ ನಿಲ್ಲುವುದಿಲ್ಲ, ಒಂದೇ ಕಡೆಗೆ ಎಳೆಯುತ್ತದೆ

ಇದಕ್ಕೆ ಮಷೀನನ್ನು ಬಯ್ಯಬೇಡಿ. ಸಾಧಾರಣ ಬ್ಲೇಡುಗಳನ್ನು ತಗಡು ಒತ್ತಿ ಹಲ್ಲು ಮಾಡಿರುತ್ತಾರೆ. ಹಾಗೆ ಮಾಡುವಾಗ ಒಂದು ಪಕ್ಕದ ಅಂಚು ಇನ್ನೊಂದಕ್ಕಿಂತ ಚೂಪಾಗಿ ಉಳಿಯುತ್ತದೆ. ಚೂಪಾದ ಕಡೆ ಜಾಸ್ತಿ ತಿನ್ನುತ್ತದೆ, ಅದಕ್ಕೇ ಬ್ಲೇಡು ಆ ಕಡೆಗೆ ವಾಲುತ್ತದೆ. ಮರವನ್ನು ನೇರ ತಳ್ಳದೆ ಐದು ಡಿಗ್ರಿಯಷ್ಟು ಓರೆಯಾಗಿ ತಳ್ಳುವುದು ಅಭ್ಯಾಸವಾಗಬೇಕು. ಒಂದು ಹಾಳು ಹಲಗೆಯಲ್ಲಿ ಹತ್ತು ನೇರ ಗೆರೆ ಎಳೆದು ಕತ್ತರಿಸಿ. ಏಳನೇ ಎಂಟನೇ ಗೆರೆಗೆ ಕೈ ತಾನಾಗಿಯೇ ಕಲಿಯುತ್ತದೆ.

ಆದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದರೆ ಅದು ಬೇರೆ ವಿಷಯ. ಟೆನ್ಷನ್ ಸಡಿಲ ಇದೆ, ಇಲ್ಲಾ ತೋಳು ಕೀಲಿನಲ್ಲಿ ಸಡಿಲವಾಗಿ ಅಲ್ಲಾಡುತ್ತಿದೆ. ತೋಳಿನ ವಿಷಯ ಮುಂದೆ ಇದೆ.

ಕತ್ತರಿಸಿದ ಅಂಚು ನೆಟ್ಟಗಿಲ್ಲದಿದ್ದರೆ, ಅಂದರೆ ಪಜಲ್ ತುಂಡು ಮೇಲಿನಿಂದ ಬೀಳುತ್ತದೆ, ಕೆಳಗಿನಿಂದ ಹೋಗುವುದಿಲ್ಲ ಅಂತಾದರೆ, ಟೇಬಲ್ ಓರೆ ಇದೆ. ಓರೆ ತೋರಿಸುವ ಮುಳ್ಳನ್ನು ನಂಬಬೇಡಿ, ಹಳೇ ಮಷೀನಿನಲ್ಲಿ ಅದು ಸೊನ್ನೆ ತೋರಿಸಿದರೂ ಟೇಬಲ್ ಎರಡು ಡಿಗ್ರಿ ಆಚೀಚೆ ಇರುತ್ತದೆ. ಮೂಲೆಮಟ್ಟ ಇಟ್ಟು ನೋಡಿ. ಮೂಲೆಮಟ್ಟ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ, ನನಗಂತೂ ಇದೇ ಜಾಸ್ತಿ ಇಷ್ಟ. ಒಂದೂವರೆ ಇಂಚು ದಪ್ಪದ ತುಂಡು ತಗೊಳ್ಳಿ. ಅಂಚಿನಲ್ಲಿ ಎರಡು ಮಿಲಿಮೀಟರ್ ಒಳಗೆ ಹೋಗುವಷ್ಟು ಮಾತ್ರ ಕತ್ತರಿಸಿ, ಮಷೀನು ನಿಲ್ಲಿಸಿ. ಈಗ ತುಂಡನ್ನು ಟೇಬಲ್ ಮೇಲಿಂದ ಎತ್ತದೆ ಸುತ್ತಿಸಿ ಬ್ಲೇಡಿನ ಹಿಂದಕ್ಕೆ ತಂದು, ಅದೇ ಗೀರನ್ನು ಬ್ಲೇಡಿನ ಬೆನ್ನಿಗೆ ಹಿಡಿಯಿರಿ. ಬ್ಲೇಡು ಗೀರಿನೊಳಗೆ ಸಲೀಸಾಗಿ ಕೂತರೆ ಟೇಬಲ್ ನೇರ ಇದೆ. ಕೂರದಿದ್ದರೆ ಎಷ್ಟು ತಪ್ಪಿದೆಯೋ ಅದರ ಅರ್ಧದಷ್ಟು ಟೇಬಲ್ ತಿರುಗಿಸಿ, ಮತ್ತೆ ಹೊಸ ಗೀರು ಹಾಕಿ ನೋಡಿ.

ಅಂಚು ಓರೆ ಇಲ್ಲ, ಆದರೆ ಪೀಪಾಯಿ ಹೊಟ್ಟೆಯ ಹಾಗೆ ಉಬ್ಬಿದೆ ಅಂದರೆ ಟೇಬಲ್ಲಿನ ತಪ್ಪಲ್ಲ. ಬ್ಲೇಡು ಮರದೊಳಗೆ ಬಾಗುತ್ತಿದೆ. ಟೆನ್ಷನ್ ಹೆಚ್ಚಿಸಿ, ತಳ್ಳುವುದು ಕಡಿಮೆ ಮಾಡಿ.

## ಮರ ಕಪ್ಪಾಗುತ್ತಿದೆ, ಸುಟ್ಟ ವಾಸನೆ

ಎರಡು ವಾಸನೆ ಬೇರೆ ಬೇರೆ. ಸೌದೆ ಸುಟ್ಟ ವಾಸನೆಯಾದರೆ ಬ್ಲೇಡು ಮೊಂಡಾಗಿದೆ, ಇಲ್ಲಾ ವೇಗ ಜಾಸ್ತಿ. ವೇಗ ಬದಲಿಸುವ ಮಷೀನುಗಳು ಸಾಮಾನ್ಯವಾಗಿ ನಿಮಿಷಕ್ಕೆ 400ರಿಂದ 1600 ಸಲ ಆಡುತ್ತವೆ. ತೇಗ, ಹೊನ್ನೆ, ಬೀಟೆಯಂಥ ಮರಕ್ಕೆ ಮಧ್ಯದ ವೇಗ ಸಾಕು. ಮರದ ಮೇಲೆ ಪಾರ್ಸೆಲ್ಲಿಗೆ ಹಾಕುವ ಅಗಲ ಸೆಲ್ಲೋಟೇಪು ಅಂಟಿಸಿ ಕತ್ತರಿಸಿ, ಸುಡುವುದು ಬಹಳ ಕಡಿಮೆಯಾಗುತ್ತದೆ.

ಪ್ಲಾಸ್ಟಿಕ್ಕು, ವಾರ್ನಿಷ್ ಸುಟ್ಟ ವಾಸನೆ ಬಂದರೆ ತಕ್ಷಣ ಪ್ಲಗ್ ಕೀಳಿ. ಅದು ಮೋಟಾರಿನ ಕಾಯಿಲಿನದು. ಮತ್ತೆ ಹಾಕಿ ನೋಡಬೇಡಿ.

## ಗೆರೆ ಮೇಲಿನ ಪುಡಿ ಊದುವ ಗಾಳಿ ಬರುತ್ತಿಲ್ಲ

ಒಳಗೆ ರಬ್ಬರಿನ ಸಣ್ಣ ತಿದಿ ಇರುತ್ತದೆ, ತೋಳು ಆಡಿದಾಗ ಅದನ್ನು ಒತ್ತುತ್ತದೆ. ವಯಸ್ಸಾದ ರಬ್ಬರು ಬಿರಿಯುತ್ತದೆ, ಪೈಪು ಕಳಚುತ್ತದೆ. ಹೊಸ ತಿದಿ ಸಿಗದಿದ್ದರೆ ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ತಂದು ಅದರ ಪೈಪನ್ನೇ ಇಲ್ಲಿಗೆ ಕಟ್ಟಿ. ಮೂಲ ತಿದಿಗಿಂತ ಚೆನ್ನಾಗಿ ಊದುತ್ತದೆ.

## ಬೆಂಚಿನ ಮೇಲಿಟ್ಟ ಚಹಾ ಲೋಟ ನಡೆದುಕೊಂಡು ಹೋಗುತ್ತಿದೆ

ಸ್ಕ್ರಾಲ್ ಸಾ ಸ್ವಲ್ಪ ಅದುರುವುದು ಸಹಜ. ತೋಳು ಒಂದು ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಸಲ ಮೇಲೆ ಕೆಳಗೆ ಹೋದರೆ ಎಲ್ಲೋ ಒಂದು ಕಡೆ ಅದು ಗೊತ್ತಾಗಲೇಬೇಕು. ಆದರೆ ಗೆರೆ ಕಾಣದಷ್ಟು ಅದುರಿದರೆ ಮೊದಲು ಬೆಂಚು ನೋಡಿ. ಮಷೀನನ್ನು ಬೆಂಚಿಗೆ ನಾಲ್ಕು ಬೋಲ್ಟು ಹಾಕಿ ಬಿಗಿಯದೆ ಸುಮ್ನೆ ಇಟ್ಟಿದ್ದರೆ ಬೇರೆ ಏನನ್ನೂ ಹುಡುಕಬೇಡಿ. ಬಿಗಿಯಿರಿ. ಬೆಂಚು ಹಗುರ ಇದ್ದರೆ ಕೆಳಗಿನ ಹಲಗೆಯ ಮೇಲೆ ಎರಡು ಮೂಟೆ ಮರಳು ಇಡಿ. ನೆಲ ಸಮ ಇಲ್ಲದೆ ಬೆಂಚಿನ ಒಂದು ಕಾಲು ಎತ್ತಿಕೊಂಡಿದ್ದರೂ ಇದೇ ಆಗುತ್ತದೆ.

ಒಂದೇ ಒಂದು ವೇಗದಲ್ಲಿ ಮಾತ್ರ ಜಾಸ್ತಿ ಅದುರಿ, ಅದರ ಮೇಲೂ ಕೆಳಗೂ ಸುಮ್ಮನಾದರೆ ರೋಗ ಏನಿಲ್ಲ. ಆ ವೇಗ ಬಿಟ್ಟು ಓಡಿಸಿ. ಎಲ್ಲ ವೇಗದಲ್ಲೂ ಅದುರಿದರೆ ಮಷೀನಿನ ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಿ, ಮುಖ್ಯವಾಗಿ ಮೋಟಾರು ಹಿಡಿದಿರುವವು.

## ಟಕ್ ಟಕ್ ಅನ್ನುತ್ತಿದೆ

ಬ್ಲೇಡಿಲ್ಲದೆ, ಇಲ್ಲಾ ಟೆನ್ಷನ್ ಹಾಕದೆ ಓಡಿಸಿದರೆ ಹಲವು ಮಷೀನು ಹೀಗೆ ಸದ್ದು ಮಾಡುತ್ತವೆ. ಮೇಲಿನ ತೋಳನ್ನೂ ಕೆಳಗಿನ ತೋಳನ್ನೂ ಮುಂದುಗಡೆ ಕಟ್ಟಿ ಹಿಡಿಯುವುದೇ ಬ್ಲೇಡು. ಹಾಗೆ ಓಡಿಸಲೇಬೇಡಿ.

ಬ್ಲೇಡು, ಟೆನ್ಷನ್ ಎರಡೂ ಇದ್ದು ಸದ್ದು ಬಂದರೆ ಪ್ಲಗ್ ಕಿತ್ತು, ಟೆನ್ಷನ್ ಬಿಟ್ಟು, ಮೇಲಿನ ತೋಳಿನ ಮೂತಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಇನ್ನೊಂದು ಕೈಯ ಬೆರಳನ್ನು ಹಿಂದಿನ ಕೀಲಿನ ಮೇಲೆ ಇಟ್ಟಿರಿ. ಬೆರಳಿಗೆ ಕಟ್ ಅಂತ ತಾಗಿದರೆ ಆ ಕೀಲಿನ ಬುಶ್ (ಕೀಲಿನೊಳಗಿನ ಸಣ್ಣ ಬಳೆ) ಸವೆದಿದೆ. ಕೆಳಗಿನ ತೋಳಿಗೂ, ಮೋಟಾರಿನಿಂದ ತೋಳಿಗೆ ಹೋಗುವ ಕೊಂಡಿಗೂ ಹೀಗೇ ಮಾಡಿ. ನಾನು ನೋಡಿದ ಮಷೀನುಗಳಲ್ಲಿ ಹೆಚ್ಚು ಸವೆದಿದ್ದದ್ದು ಆ ಕೊಂಡಿಯ ಬೇರಿಂಗು, ಯಾಕೆಂದರೆ ಎಲ್ಲ ಹೊಡೆತ ತಿನ್ನುವುದು ಅದೇ.

ಬಿಚ್ಚುವ ಮುಂಚೆ ಎಣ್ಣೆ ಪ್ರಯತ್ನಿಸಿ. ಮಷೀನನ್ನು ಪಕ್ಕಕ್ಕೆ ಮಲಗಿಸಿ, ಕೀಲಿನ ಮುಚ್ಚಳ ತೆಗೆದು ಹೊಲಿಗೆ ಮಷೀನಿನ ಎಣ್ಣೆ ನಾಲ್ಕೈದು ಹನಿ ಬಿಡಿ. ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ಇನ್ನೊಂದು ಪಕ್ಕಕ್ಕೆ ಮಲಗಿಸಿ ಅದೇ ಮಾಡಿ. ಒಣಗಿದ್ದ ಬುಶ್ ಆದರೆ ಇಷ್ಟರಲ್ಲೇ ಸದ್ದು ನಿಲ್ಲುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಟ್ಟರೆ ಅದು ಎಣ್ಣೆಯ ಕೆಲಸ ಮಾಡುವುದಿಲ್ಲ, ಇದ್ದ ಎಣ್ಣೆಯನ್ನೂ ತೊಳೆದುಬಿಡುತ್ತದೆ.

ಬೇರಿಂಗೇ ಹೋಗಿದ್ದರೆ ಅದರ ಪಕ್ಕದಲ್ಲಿ ನಂಬರ್ ಕೊರೆದಿರುತ್ತದೆ, 608 ಅಂತಲೋ 6000 ಅಂತಲೋ. 608 ಅಂದರೆ ಒಳತೂತು 8, ಹೊರಗೆ 22, ದಪ್ಪ 7 ಮಿಲಿಮೀಟರ್, ಮಕ್ಕಳ ಸ್ಕೇಟಿಂಗ್ ಚಕ್ರದಲ್ಲಿ ಇರುವುದೇ ಅದು. ಮಷೀನಿನ ಕಂಪನಿಯ ಬಿಡಿಭಾಗ ಹುಡುಕುತ್ತಾ ಕೂರಬೇಡಿ, ಹಳೇ ಬೇರಿಂಗನ್ನು ಜೇಬಿನಲ್ಲಿ ಹಾಕಿಕೊಂಡು ಬೆಂಗಳೂರಿನ ಎಸ್‌ಜೆಪಿ ರೋಡಿಗೋ ನಿಮ್ಮೂರಿನ ಬೇರಿಂಗ್ ಅಂಗಡಿಗೋ ಹೋಗಿ. ಎರಡು ಕಡೆ ಮುಚ್ಚಿರುವ ಥರದ್ದೇ ಕೇಳಿ, ಮರದ ಪುಡಿ ಒಳಗೆ ಹೋಗುವುದಿಲ್ಲ.

ತೋಳಿನಲ್ಲಿ ಬಿರುಕು ಕಂಡರೆ ಅಲ್ಲಿಗೆ ನಿಲ್ಲಿಸಿ. ಎರಕದ ತೋಳನ್ನು ಎಂ ಸೀಲ್ ಹಾಕಿ ಅಂಟಿಸಿ ಓಡಿಸಬೇಡಿ, ಮುಖದ ಎದುರೇ ಮುರಿಯುತ್ತದೆ.

## ಸ್ವಿಚ್ ಹಾಕಿದರೆ ಏನೂ ಆಗುವುದಿಲ್ಲ

ಪಾಯಿಂಟಿನಲ್ಲಿ ಕರೆಂಟಿದೆಯಾ? ಮೊಬೈಲ್ ಚಾರ್ಜರ್ ಹಾಕಿ ನೋಡಿ. ಇದ್ದರೆ ಮಷೀನಿನ ಸ್ವಿಚ್ಚನ್ನು ಗಮನಿಸಿ. ಕೆಲವದರಲ್ಲಿ ಮಕ್ಕಳು ಹಾಕದಿರಲಿ ಅಂತ ಹಳದಿ ಬಣ್ಣದ ಒಂದು ಪ್ಲಾಸ್ಟಿಕ್ ಕೀ ಇರುತ್ತದೆ. ಅದು ಕಳೆದುಹೋಗಿದ್ದರೆ ಸ್ವಿಚ್ ಮೇಲೇಳುವುದೇ ಇಲ್ಲ. "ಕೆಟ್ಟಿದೆ" ಅಂತ ಅರ್ಧ ಬೆಲೆಗೆ ಮಾರಿದ ಒಂದು ಮಷೀನಿನಲ್ಲಿ ಅದೊಂದೇ ಇರಲಿಲ್ಲ.

ಮುಂದೆ ಫ್ಯೂಸು. ಗಾಜಿನ ಸಣ್ಣ ಕೊಳವೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಅದೂ ಸುಟ್ಟರೆ ಮೂರನೆಯದು ಹಾಕಬೇಡಿ, ಒಳಗೆ ಎಲ್ಲೋ ಶಾರ್ಟ್ ಇದೆ. ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವ ಅಭ್ಯಾಸ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ಮರದ ಪುಡಿ ತುಂಬಿರುವ ಕೋಣೆ ಅದು, ಒಂದು ಕಿಡಿ ಸಾಕು.

ಮೋಟಾರಿನ ಎರಡು ಪಕ್ಕ ಸ್ಕ್ರೂ ಡ್ರೈವರ್ ಹಾಕುವ ಪ್ಲಾಸ್ಟಿಕ್ ಬಿರಡೆ ಇದ್ದರೆ ಅದರೊಳಗೆ ಕಾರ್ಬನ್ ಬ್ರಷ್ ಇದೆ, ಮಿಕ್ಸಿಯಲ್ಲಿ ಇರುವಂಥದ್ದೇ. ಹೊರಗೆ ತೆಗೆದು ಅಳೆಯಿರಿ. 6 ಮಿಲಿಮೀಟರಿಗಿಂತ ಗಿಡ್ಡ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದನ್ನೇ ಮತ್ತೆ ಹಾಕುವುದಾದರೆ ಯಾವ ಕಡೆಯಿಂದ ತೆಗೆದಿರೋ, ಯಾವ ಮುಖ ಮಾಡಿತ್ತೋ ಹಾಗೇ ಹಾಕಿ. ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಅಳತೆ ಹೊಂದುವ ಬ್ರಷ್ ಸಿಗುತ್ತದೆ.

ಸ್ವಿಚ್ ಹಾಕಿದಾಗ ಗುಂಯ್ ಅಂದು ತಿರುಗದಿದ್ದರೆ ಎರಡೇ ಸೆಕೆಂಡಿನಲ್ಲಿ ಆಫ್ ಮಾಡಿ. ತೋಳು ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲಾ ಫ್ಯಾನಿನಲ್ಲಿ ಆಗುವ ಹಾಗೆ ಕೆಪಾಸಿಟರ್ ಹೋಗಿದೆ. ಕೈಯಿಂದ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ. ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುತ್ತದೆ, ಅದನ್ನು ಖಾಲಿ ಮಾಡುವ ಕ್ರಮ ಗೊತ್ತಿಲ್ಲದಿದ್ದರೆ ಮುಟ್ಟಬೇಡಿ.

ವೇಗ ಒಮ್ಮೆ ಏರಿ ಒಮ್ಮೆ ಇಳಿದರೆ ವೇಗ ತಿರುಗಿಸುವ ನಾಬಿನೊಳಗೆ ಪುಡಿ ಸೇರಿರುತ್ತದೆ. ಪ್ಲಗ್ ಕಿತ್ತು ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಸರಿಯಾಗದಿದ್ದರೆ ಅದು ಬೋರ್ಡಿನ ಕೆಲಸ, ಎಲೆಕ್ಟ್ರಾನಿಕ್ಸ್ ಗೊತ್ತಿರುವವರಿಗೆ ಕೊಡಿ.

## ರಿಪೇರಿಯವರ ಹತ್ತಿರ ಯಾವಾಗ ಹೋಗಬೇಕು

ಮೈ ಮುಟ್ಟಿದರೆ ಜುಮ್ ಅಂದರೆ, ವಾರ್ನಿಷ್ ವಾಸನೆ ಬಂದರೆ, ಬ್ರಷ್ಷಿನ ಹತ್ತಿರ ಉಂಗುರದ ಹಾಗೆ ಸುತ್ತಲೂ ಕಿಡಿ ಹಾರಿದರೆ, ಹೊಸ ಫ್ಯೂಸೂ ಸುಟ್ಟರೆ ಅಲ್ಲಿಂದ ಮುಂದೆ ನಾವು ಕೈ ಹಾಕಬಾರದು. ಬೋರ್‌ವೆಲ್ ಪಂಪು ಇರುವ ಊರಲ್ಲೆಲ್ಲ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ, ಇಷ್ಟು ಚಿಕ್ಕ ಮೋಟಾರು ಅವರಿಗೆ ಹೊಸದಲ್ಲ. ಇಡೀ ಮಷೀನು ಹೊತ್ತು ಹೋಗಬೇಡಿ, ತೋಳು ಬಾಗಬಹುದು. ಮೋಟಾರು ಮಾತ್ರ ಬಿಚ್ಚಿಕೊಳ್ಳಿ. ಬಿಚ್ಚುವ ಮುಂಚೆ ಪ್ರತಿ ವೈರು ಎಲ್ಲಿಗೆ ಹೋಗಿತ್ತು ಅಂತ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆಯಿರಿ, ವೈರುಗಳಿಗೆ ಬಣ್ಣದ ಟೇಪಿನ ಗುರುತು ಹಾಕಿ. ಮೋಟಾರಿನ ಪ್ಲೇಟಿನ ಫೋಟೋ ಬೇರೆ ಇಟ್ಟುಕೊಳ್ಳಿ, ರಿವೈಂಡಿಂಗ್ ಮುಗಿಯುವ ಹೊತ್ತಿಗೆ ಆ ಪ್ಲೇಟು ಕಿತ್ತು ಬಂದಿರುತ್ತದೆ. ಬೆಲೆ ಮೊದಲೇ ಕೇಳಿ. ಮಷೀನಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಹೇಳಿದರೆ ಅದೇ ಅಂಗಡಿಯಲ್ಲಿ ಅಷ್ಟೇ ವೇಗದ, ಅಷ್ಟೇ ದಪ್ಪ ಶಾಫ್ಟಿನ ಹಳೇ ಮೋಟಾರು ಸಿಗುತ್ತದಾ ಅಂತ ವಿಚಾರಿಸಿ.